ತೀರ್ಪು ಯಾರ ಸೊತ್ತು?

ಓಟು ಗುಟ್ಟಾಗಿರಬೇಕು. ಓಟಿನ ಅಕ್ರಮದ ಮೇಲೆ ಕೊಟ್ಟ ತೀರ್ಪು ಬಯಲಲ್ಲಿರಬೇಕು. ಮೊದಲನೆಯ ಗುಟ್ಟು ಕೂಲಿಯವನನ್ನು ಕಾಯುತ್ತದೆ. ತೀರ್ಪನ್ನೂ ಗುಟ್ಟು ಮಾಡಿದರೆ ಅದು ಧಣಿಯನ್ನು ಕಾಯುತ್ತದೆ. ಇದು ಬರೀ ಮಾತಲ್ಲ, ಚರಿತ್ರೆ.

ಚುನಾವಣಾ ಆಯೋಗದ ಕಲಮನ್ನು 1949ರ ಜೂನ್ 15ರಂದು ಸಂವಿಧಾನ ಸಭೆಯ ಮುಂದಿಟ್ಟವರು ಬಾಬಾಸಾಹೇಬ ಅಂಬೇಡ್ಕರರು. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂಬಯಿ ಉತ್ತರದಲ್ಲಿ ಅವರೇ 14,561 ಓಟುಗಳಿಂದ ಸೋತರು. ಅಲ್ಲೇ ಸೋತ ಅಶೋಕ ಮೆಹ್ತಾರ ಜೊತೆ ತಕರಾರು ಅರ್ಜಿ ಹಾಕಿದರು. ಅದೂ ವಜಾ ಆಯಿತು. ಆದರೆ ಅಂಥ ಆದೇಶವನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕಲೇಬೇಕು ಅಂತ 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 106ನೇ ಕಲಮು ಹೇಳುತ್ತದೆ. ಗೆದ್ದವನಿಗೂ ಸೋತವನಿಗೂ ಅದೇ ಅಚ್ಚು.

1975ರ ಜೂನ್ 12ರಂದು ಅಲಹಾಬಾದಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಪ್ರಧಾನಿ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿದರು. ಸರ್ಕಾರಿ ಅಧಿಕಾರಿಗಳಿಂದ ವೇದಿಕೆ ಕಟ್ಟಿಸಿದ್ದು, ನೌಕರಿಯಲ್ಲಿದ್ದ ಗೆಜೆಟೆಡ್ ಅಧಿಕಾರಿಯನ್ನು ಚುನಾವಣೆಗೆ ದುಡಿಸಿಕೊಂಡದ್ದು, ಎಲ್ಲವನ್ನೂ ತುಂಬಿದ ಕೋರ್ಟಿನಲ್ಲಿ ಹೇಳಿದರು. ಆಮೇಲೆ ತುರ್ತುಪರಿಸ್ಥಿತಿ ಬಂತು. ಕಾಯ್ದೆಯನ್ನೇ ಹಿಂದಿನ ತಾರೀಖಿನಿಂದ ತಿದ್ದಿದರು, ಸಂವಿಧಾನಕ್ಕೂ 39ನೇ ತಿದ್ದುಪಡಿ ತಂದರು. ನವೆಂಬರ್ 7ರಂದು ಸುಪ್ರೀಂ ಕೋರ್ಟು ಆಯ್ಕೆಯನ್ನು ಎತ್ತಿಹಿಡಿಯಿತು. ಐದು ಜನ ನ್ಯಾಯಮೂರ್ತಿಗಳೂ ಬೇರೆಬೇರೆ ಬರೆದರು. ಯಾರು ಯಾಕೆ ಹಾಗೆಂದರು ಅಂತ ಇವತ್ತಿಗೂ ಓದಬಹುದು. ಕಾಯ್ದೆ ತಿದ್ದಿದ ಕೈಗೆ ತೀರ್ಪನ್ನು ಅಳಿಸಲಾಗಲಿಲ್ಲ.

ಇನ್ನು 2019. ವಾರ್ಧಾ, ಲಾತೂರ್ ಮುಂತಾದ ಕಡೆ ಪ್ರಧಾನಿ ನರೇಂದ್ರ ಮೋದಿ ಮಾಡಿದ ಭಾಷಣಗಳಲ್ಲಿ ನೀತಿಸಂಹಿತೆಯ ಉಲ್ಲಂಘನೆ ಇಲ್ಲ ಅಂತ ಆಯೋಗ ಹೇಳಿತು. ಮೂವರಲ್ಲಿ ಒಬ್ಬರಾದ ಅಶೋಕ್ ಲವಾಸಾ ಭಿನ್ನಮತ ಬರೆದಿದ್ದರು. ಅದನ್ನು ಆದೇಶದಲ್ಲಿ ಸೇರಿಸಿ ಅಂದರು. ಕಡತದಲ್ಲಿರಲಿ, ಆದೇಶದಲ್ಲಿ ಬೇಡ ಅಂತ ಮೇ 21ರಂದು ಬಹುಮತದಿಂದ ತೀರ್ಮಾನವಾಯಿತು. ಮಾಹಿತಿ ಹಕ್ಕಿನಲ್ಲಿ ಕೇಳಿದ ನಾಗರಿಕರಿಗೆ ಸಿಕ್ಕ ಉತ್ತರ: ಕೊಟ್ಟರೆ ಒಬ್ಬರ ಜೀವಕ್ಕೆ ಅಪಾಯವಾದೀತು!

ಒಂದು ಅಭಿಪ್ರಾಯ ಓದಿಸಿದರೆ ಜೀವ ಹೋಗುವ ಹಾಗಿದ್ದರೆ, ಆ ಸುದ್ದಿಯನ್ನೇ ಮೊದಲು ಜನಕ್ಕೆ ಹೇಳಬೇಕಿತ್ತಲ್ಲವೆ? ಕೋರ್ಟಿನ ಭಿನ್ನಮತ ಅಚ್ಚಾಗುತ್ತದೆ, ಆಯೋಗದ್ದು ಬೀರು ಸೇರುತ್ತದೆ. ನೀತಿಸಂಹಿತೆ ಕಾಯ್ದೆಯಲ್ಲ, ಅದಕ್ಕೆ 106ನೇ ಕಲಮಿನ ಕಾವಲೂ ಇಲ್ಲ.

ಅಕ್ಷರವನ್ನು ಬಚ್ಚಿಟ್ಟವರ ಕೈಯಲ್ಲಿ ನಾವು ತಲೆತಲಾಂತರ ನರಳಿದವರು. ಶಾಸ್ತ್ರ ಅವರ ಹತ್ತಿರ, ಶಿಕ್ಷೆ ನಮ್ಮ ಹತ್ತಿರ. ಆದ್ದರಿಂದ ನಾವು ಕೇಳುವುದು ದಾನವಲ್ಲ. ಪ್ರತಿ ದೂರಿಗೂ ಏನಾಯಿತು, ಯಾಕಾಯಿತು, ಯಾರು ಒಪ್ಪಲಿಲ್ಲ, ಇಷ್ಟನ್ನು ಜನರ ಭಾಷೆಯಲ್ಲಿ ಅಚ್ಚು ಹಾಕಿ, ಪಂಚಾಯ್ತಿ ಕಟ್ಟೆಯ ಗೋಡೆಗೆ ಅಂಟಿಸಿ. ಓದುವುದು ನಮಗೆ ಬಿಡಿ.