ನವೆಂಬರ್ ತಿಂಗಳು ಮತ್ತು ಮೌಲಾನಾ ಆಝಾದ್



ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಸಿಂದಗಿ ಭಾಗದ ಹಳ್ಳಿಗಳಿಂದ ಗುಳೆ ಶುರುವಾಗುತ್ತದೆ. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೆಲವರು ಕೂಲಿಗೆಂದು ಗೋವಾಕ್ಕೆ ಹೊರಡುತ್ತಾರೆ. ಸಂಜೆ ಮಕ್ತಬ್‌ನಲ್ಲಿ ಹಾಜರಿ ಕರೆಯುವಾಗ ಕೆಲವು ಹೆಸರುಗಳಿಗೆ ಉತ್ತರ ಬರುವುದಿಲ್ಲ. ಆ ಮಕ್ಕಳು ಹಗಲಿನ ಶಾಲೆಯಲ್ಲೂ ಇರುವುದಿಲ್ಲ. ಆದ್ದರಿಂದಲೇ ಈ ತಿಂಗಳ ಜುಮಾದಲ್ಲಿ ದೇಶದ ಮೊದಲ ಶಿಕ್ಷಣ ಮಂತ್ರಿ ಮೌಲಾನಾ ಅಬುಲ್ ಕಲಾಂ ಆಝಾದರನ್ನು ನೆನೆದೆವು.

1956ರ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡುಗಡೆಯಾಗಿ ಮೈಸೂರು ರಾಜ್ಯ ಸೇರಿತು. ಕನ್ನಡ ಮಾತನಾಡುವ ಜನ ಒಂದಾದರು. ನಾಲ್ಕೇ ದಿನಗಳ ಬಳಿಕ, ನವೆಂಬರ್ 5ರಂದು, ದೆಹಲಿಯಲ್ಲಿ ಯುನೆಸ್ಕೋದ ಒಂಬತ್ತನೆಯ ಮಹಾಸಮ್ಮೇಳನ ಆರಂಭವಾಯಿತು. ಶಿಕ್ಷಣ, ವಿಜ್ಞಾನ, ಸಂಸ್ಕೃತಿಗಳ ವಿಷಯದಲ್ಲಿ ಕೂಡಿ ಮಾತನಾಡಲು ಜಗತ್ತಿನ ದೇಶಗಳು ಅಲ್ಲಿ ಸೇರಿದ್ದವು. ಅಧ್ಯಕ್ಷ ಪೀಠದಲ್ಲಿ ಆಝಾದರಿದ್ದರು.

1888ರ ನವೆಂಬರ್ 11ರಂದು ಮಕ್ಕಾದಲ್ಲಿ ಹುಟ್ಟಿದ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಬಿ, ಫಾರ್ಸಿ, ಧಾರ್ಮಿಕ ವಿದ್ಯೆಗಳನ್ನು ಮನೆಯಲ್ಲೇ ಕಲಿತರು. ಇಂಗ್ಲಿಷನ್ನು ಸ್ವಂತ ಶ್ರಮದಿಂದ ಓದಿಕೊಂಡರು. ದೀನಿ ವಿದ್ಯೆ ಬೇರೆ, ದುನಿಯಾದ ವಿದ್ಯೆ ಬೇರೆ ಎಂದು ನಾವು ಇಂದಿಗೂ ಗೆರೆ ಎಳೆಯುತ್ತೇವೆ. ಆ ಗೆರೆ ಅವರ ಬದುಕಿನಲ್ಲಿ ಇರಲಿಲ್ಲ.

ಅವರ ಕೈಗೆ ಬಂದದ್ದು ಬಡ ದೇಶ. 1951ರ ಜನಗಣತಿಯಂತೆ ಅಕ್ಷರ ಬಲ್ಲವರು ನೂರಕ್ಕೆ 18 ಮಂದಿ, ಹೆಂಗಸರಲ್ಲಿ ಒಂಬತ್ತು. ಬಡವನಿಗೆ ಮೊದಲು ರೊಟ್ಟಿ, ಆಮೇಲೆ ಪುಸ್ತಕ ಎನ್ನುವವರ ಮಾತು ಅವರು ಒಪ್ಪಲಿಲ್ಲ. 1950ರಲ್ಲಿ ಹೊರದೇಶಗಳೊಡನೆ ಸಂಸ್ಕೃತಿಯ ನಂಟಿಗೆಂದು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಕಟ್ಟಿ, ತಮ್ಮ ಸ್ವಂತ ಗ್ರಂಥಭಂಡಾರವನ್ನೂ ಅದಕ್ಕೆ ಕೊಟ್ಟರು. 1951ರಲ್ಲಿ ಖರಗಪುರದ ಐಐಟಿ, 1954ರಲ್ಲಿ ಕನ್ನಡ, ಉರ್ದು ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಸಾಹಿತ್ಯ ಅಕಾಡೆಮಿ ಬಂದವು. ಮುಂಬಯಿಯ ಐಐಟಿಗೆ ಯುನೆಸ್ಕೋ ಮೂಲಕ ಸೋವಿಯತ್ ರಷ್ಯಾದ ಯಂತ್ರಗಳೂ ತಜ್ಞರೂ ಬಂದರು. ಕಲಿಯುವಾಗ ಕಲಿಸುವವನ ಊರು, ಮತ ಕೇಳಬೇಕಿಲ್ಲ. ಬದ್ರ್‌ನ ಕೈದಿಗಳಲ್ಲಿ ಅಕ್ಷರ ಬಲ್ಲವರು ಮದೀನಾದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಪಡೆದದ್ದು ಸೀರತ್ತಿನಲ್ಲಿ ನಮಗೆಲ್ಲ ಗೊತ್ತಿರುವುದೇ.

ನಮ್ಮ ಮಣ್ಣಿಗೂ ಇದು ಹೊಸದಲ್ಲ. ಎರಡನೇ ಇಬ್ರಾಹಿಂ ಆದಿಲ್ ಶಾಹ್ (1580–1627) ಕಾಲದಲ್ಲಿ ಇರಾನಿನ ಮೂಲದ ಫರಿಶ್ತಾ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ. ಸುಲ್ತಾನನೋ ನಾವು ಮನೆಯಲ್ಲಾಡುವ ದಖನಿಯಲ್ಲಿ ‘ಕಿತಾಬ್-ಎ-ನೌರಸ್’ ರಚಿಸಿದ. ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು ಬ್ರಿಟಿಷರ ಕಾಲದಲ್ಲಿ ಲಂಡನ್ ಸೇರಿದವು. ಅಲ್ಲಿ ಅವನ್ನು ಓದುವವರಿದ್ದಾರೆ. ನಮ್ಮ ಓಣಿಯಿಂದ ಒಬ್ಬ ಹುಡುಗಿ ಹೋಗಿ ಓದುವ ದಿನ ಬರಬೇಡವೇ?

ಒಂದು ಕಹಿ ಮಾತನ್ನೂ ಹೇಳಬೇಕು. ಹದಿನಾಲ್ಕು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 1950ರ ಸಂವಿಧಾನ ಹೇಳಿತ್ತು. ದೊಡ್ಡ ಸಂಸ್ಥೆಗಳು ಎದ್ದವು, ಆ ಮಾತು ಮಾತ್ರ ಬಾಕಿ ಉಳಿಯಿತು. ಶಿಕ್ಷಣ ಹಕ್ಕಿನ ಕಾಯ್ದೆ ಬಂದದ್ದೇ 2009ರಲ್ಲಿ. ಗುಳೆ ಹೋದ ಮಗು ಆ ಹಳೆಯ ಸಾಲದ ಉಳಿಕೆ. ಆದರೆ ಸಾಲವೆಲ್ಲ ಸರಕಾರದ್ದೇ ಅಲ್ಲ, ನಮ್ಮದೂ ಇದೆ.

ಹೊಟ್ಟೆಪಾಡಿಗೆ ಹೋಗುವವರನ್ನು ನಾವು ದೂರುವುದಿಲ್ಲ. ಹೋಗುವ ಮುನ್ನ ಮಕ್ಕಳನ್ನು ನಾನಿ, ದಾದಿಯ ಬಳಿ ಬಿಡಲು ಆಗುತ್ತದೆಯೇ ನೋಡಿ. ವಸತಿ ನಿಲಯದ ಅನುಕೂಲವಿದೆಯೇ ಎಂದು ಮುಖ್ಯಗುರುಗಳನ್ನು ಕೇಳಿ. ಕರೆದೊಯ್ಯಲೇಬೇಕಾದರೆ ಅಲ್ಲಿನ ಸರಕಾರಿ ಶಾಲೆಗೆ ಹಚ್ಚಿ, ಟಿ.ಸಿ. ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಊರಲ್ಲಿ ಉಳಿದವರು ನೆರೆಮನೆಯ ಒಂದು ಮಗುವಿಗೆ ಊಟ, ಜಾಗ ಕೊಟ್ಟರೆ ಅದೂ ಸದಕಾವೇ.

ನವೆಂಬರ್ 11 ಈಗ ರಾಷ್ಟ್ರೀಯ ಶಿಕ್ಷಣ ದಿನ. ಅಂದು ಹಾಜರಿ ಕರೆದಾಗ ನಮ್ಮ ಮಕ್ಕಳೆಲ್ಲರ ಉತ್ತರ ಕೇಳಿಬರಲಿ. ಅಲ್ಲಾಹನು ಅವರಿಗೆ ಪ್ರಯೋಜನಕಾರಿ ವಿದ್ಯೆಯನ್ನು ಕರುಣಿಸಲಿ, ಆಮೀನ್.