ಹೊಟ್ಟೆಯಿಂದ ಕರುಳಿಗೆ

ಉಂಡ ಅನ್ನ ಹೊಟ್ಟೆಯೊಳಗೆ ಮತ್ತೊಮ್ಮೆ ಬೇಯುತ್ತದೆ ಎಂದು ಹಿಂದಿನವರು ತಿಳಿದಿದ್ದರು. ಆಯುರ್ವೇದ ಅದನ್ನು ಜಠರಾಗ್ನಿ ಎಂದಿತು. ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ದೇಹದ ಕಾವಿನ ಮಾತಾಡಿದ. ಮುಂದೆ ಯುರೋಪಿನಲ್ಲಿ ಜಗಳ ಬೇರೆ ರೂಪ ತಾಳಿತು: ಹೊಟ್ಟೆ ಆಹಾರವನ್ನು ಅರೆಯುತ್ತದೋ, ಕರಗಿಸುತ್ತದೋ?

1752ರಲ್ಲಿ ಫ್ರಾನ್ಸಿನ ರೆಯೋಮೂರ್ ತೂತುಗಳಿದ್ದ ಲೋಹದ ಕೊಳವೆಯಲ್ಲಿ ಮಾಂಸ ತುಂಬಿ ಹದ್ದಿಗೆ ನುಂಗಿಸಿದ. ಅದು ಕಕ್ಕಿದ ಕೊಳವೆ ನಜ್ಜಾಗಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗಿತ್ತು. ಇಟಲಿಯ ಸ್ಪಲ್ಲಾಂಜಾನಿ ಆಹಾರವನ್ನು ಬಟ್ಟೆಯ ಚೀಲಗಳಲ್ಲಿ ಹೊಲಿದು ತಾನೇ ನುಂಗಿ ನೋಡಿದ. ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು 1824ರಲ್ಲಿ ವಿಲಿಯಂ ಪ್ರೌಟ್ ಪ್ರಕಟಿಸಿದ. 1836ರಲ್ಲಿ ಜರ್ಮನಿಯ ಶ್ವಾನ್ ಜಠರದಲ್ಲಿ ಮಾಂಸವನ್ನು ಕರಗಿಸುವ ಪೆಪ್ಸಿನ್ ಎಂಬ ಕಿಣ್ವವನ್ನು ಗುರುತಿಸಿದ.

ಈ ನಡುವೆ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಒಂದು ವಿಚಿತ್ರ ನಡೆಯಿತು. 1822ರ ಜೂನ್‌ನಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತುಪ್ಪಳ ವ್ಯಾಪಾರದ ಕೂಲಿಯಾಳಿಗೆ ಗುಂಡು ತಗುಲಿತು. ಬದುಕಿದನಾದರೂ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಸೇನಾ ವೈದ್ಯ ವಿಲಿಯಂ ಬೋಮಾಂಟ್ ರೇಷ್ಮೆ ದಾರಕ್ಕೆ ಆಹಾರದ ತುಣುಕು ಕಟ್ಟಿ ಆ ತೂತಿನಲ್ಲಿ ಇಳಿಬಿಟ್ಟು, ಯಾವುದು ಎಷ್ಟು ಹೊತ್ತಿಗೆ ಕರಗುತ್ತದೆಂದು ವರ್ಷಗಟ್ಟಲೆ ಬರೆದಿಟ್ಟ. 1833ರ ಅವನ ಪುಸ್ತಕ ಇಂದಿಗೂ ಮೇರುಕೃತಿ. ಆದರೆ ಆ ಬಡವನಿಗೆ ಇದು ಎಷ್ಟು ಸಾಕಾಗಿತ್ತೆಂದರೆ, 1880ರಲ್ಲಿ ಅವನು ಸತ್ತಾಗ ಯಾರೂ ಹೆಣ ಕೊಯ್ಯಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು ಆಳವಾಗಿ ಹೂಳಿದರು.

ನನಗನ್ನಿಸುವಂತೆ, ಇಷ್ಟೆಲ್ಲ ಕಣ್ಣು ಜಠರದ ಮೇಲೆ ನೆಟ್ಟಿದ್ದರಿಂದಲೇ ಕರುಳಿನ ಕಡೆ ನೋಟ ತಡವಾಗಿ ಹರಿಯಿತು. ಜಠರ ಹೀರಿಕೊಳ್ಳುವುದು ಅತ್ಯಲ್ಪ. ಪೋಷಕಾಂಶಗಳ ಬಹುಪಾಲು ರಕ್ತ ಸೇರುವುದು ಸಣ್ಣ ಕರುಳಿನಲ್ಲಿ. ಸುಳಿವು 1622ರಲ್ಲೇ ಸಿಕ್ಕಿತ್ತು: ಆಗಷ್ಟೇ ತಿಂದಿದ್ದ ನಾಯಿಯ ಕರುಳಿನ ಪೊರೆಯಲ್ಲಿ ಹಾಲುಬಣ್ಣದ ನಾಳಗಳನ್ನು ಇಟಲಿಯ ಅಸೆಲ್ಲಿ ಕಂಡಿದ್ದ. ಅವು ಜಿಡ್ಡನ್ನು ಸಾಗಿಸುವ ದಾರಿ. ಆ ಜಿಡ್ಡನ್ನು ಒಡೆಯುವುದರಲ್ಲಿ ಮೇದೋಜೀರಕದ ರಸಕ್ಕಿರುವ ಪಾತ್ರವನ್ನು ಕ್ಲೋಡ್ ಬರ್ನಾರ್ಡ್ ತೋರಿಸಿದ್ದು 1840ರ ದಶಕದಲ್ಲಿ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್, ನರಗಳನ್ನು ಕಡಿದರೂ ಆ ರಸ ಸುರಿಯುತ್ತದೆಂದು ಕಂಡರು. ಕರುಳು ರಕ್ತದ ಮೂಲಕ ಸೆಕ್ರೆಟಿನ್ ಎಂಬ ಸಂದೇಶ ಕಳಿಸುತ್ತಿತ್ತು. ಹಾರ್ಮೋನುಗಳ ಶಾಸ್ತ್ರ ಹುಟ್ಟಿದ್ದು ಅಲ್ಲಿ.

ಹೀರುವ ಬಗೆ ಬಿಡಿಸಿಕೊಂಡದ್ದು 1960ರಲ್ಲಿ. ಕರುಳಿನ ಕೋಶದೊಳಗೆ ಗ್ಲೂಕೋಸ್ ಒಂಟಿಯಾಗಿ ನುಗ್ಗುವುದಿಲ್ಲ, ಸೋಡಿಯಂನ ಕೈ ಹಿಡಿದು ಬರುತ್ತದೆ ಎಂದು ರಾಬರ್ಟ್ ಕ್ರೇನ್ ಪ್ರಾಗ್‌ನ ಸಭೆಯಲ್ಲಿ ವಿವರಿಸಿದ. ಎರಡೂ ಒಳಹೊಕ್ಕರೆ ನೀರು ಹಿಂಬಾಲಿಸುತ್ತದೆ. ಕಾಲರಾದಲ್ಲಿ ಕರುಳು ನೀರನ್ನು ಹೊರಚೆಲ್ಲುತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ. ಕೋಲ್ಕತ್ತದ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿ ರೋಗಿಗಳನ್ನು ಉಳಿಸಿದ್ದನ್ನು ವರದಿ ಮಾಡಿದ್ದರು. ಆಗ ಹೆಚ್ಚಿನವರು ಕಿವಿಗೊಡಲಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾದೇಶ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಸಾಲದೆ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಗ್ಲೂಕೋಸ್, ಅಡಿಗೆ ಉಪ್ಪು, ಸೋಡಾಪುಡಿ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇ. 30ರಷ್ಟಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಇಂದು ಹಳ್ಳಿಯ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣ ಇದರದೇ ವಂಶ. ಜೀರ್ಣದ ಶಾಸ್ತ್ರ ಜೀವ ಉಳಿಸಿದ ಲೆಕ್ಕದಲ್ಲಿ ಇದಕ್ಕೆ ಸಾಟಿಯಿಲ್ಲ.

ಅಳತೆಗಳೂ ಬದಲಾಗಿವೆ. ಕರುಳನ್ನು ಬಿಡಿಸಿ ಹಾಸಿದರೆ ಟೆನಿಸ್ ಅಂಕಣದಷ್ಟಾಗುತ್ತದೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಇಡೀ ಜೀರ್ಣನಾಳದ ಒಳಮೈಯನ್ನು ಮತ್ತೆ ಲೆಕ್ಕ ಹಾಕಿ ಸುಮಾರು 32 ಚದರ ಮೀಟರ್ ಎಂದರು. ಬರೀ ಕಸದ ದಾರಿ ಎನಿಸಿದ್ದ ದೊಡ್ಡ ಕರುಳಿನ ಮೇಲೆ ಈಗ ಎಲ್ಲರ ಕಣ್ಣು. ನಮ್ಮ ಕಿಣ್ವಗಳಿಗೆ ಒಡೆಯಲಾಗದ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಮಾಡುತ್ತವೆ. ಆ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಅದೇ.