ಬಾಟಲಿಯಿಂದ ಕಣ್ಣಿಗೆ: ಗ್ಲಾಕೋಮಾ ಹನಿಯ ನೂರೈವತ್ತು ವರ್ಷ

“ಯಾವ ಯಾವ ಔಷಧಿ ತಗೊಳ್ತಿದ್ದೀರಿ?” ಎಂದು ಡಾಕ್ಟರು ಕೇಳಿದರೆ ನಮ್ಮ ಹಿರಿಯರು ಬಿ.ಪಿ. ಮಾತ್ರೆ, ಶುಗರ್ ಮಾತ್ರೆ, ಗ್ಯಾಸಿನ ಮಾತ್ರೆ ಎಂದು ಲೆಕ್ಕ ಒಪ್ಪಿಸುತ್ತಾರೆ. ಕಣ್ಣಿಗೆ ಬಿಡುವ ಹನಿ ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ನಮ್ಮ ದೊಡ್ಡಪ್ಪನೂ ಹಾಗೆಯೇ. ಉಬ್ಬಸಕ್ಕೆ ಒಬ್ಬ ಡಾಕ್ಟರು, ಕಣ್ಣಿಗೆ ಇನ್ನೊಬ್ಬರು. ಒಬ್ಬರ ಚೀಟಿಯನ್ನು ಮತ್ತೊಬ್ಬರಿಗೆ ತೋರಿಸಿದವರಲ್ಲ. ಕಣ್ಣಿನ ಹನಿಯೇ ಉಬ್ಬಸವನ್ನು ಕೆರಳಿಸುತ್ತಿದೆ ಎಂದು ತಿಳಿಯುವಷ್ಟರಲ್ಲಿ ಒಂದು ಮಳೆಗಾಲ ಕಳೆದಿತ್ತು. “ಕಣ್ಣಿಗೆ ಬಿಟ್ಟದ್ದು ಎದೆಗೆ ಹೇಗಯ್ಯ ಹೋಗುತ್ತೆ?” ಎಂದು ಕೇಳಿದ್ದರು. ದಡ್ಡ ಪ್ರಶ್ನೆಯೇನಲ್ಲ. ಗ್ಲಾಕೋಮಾಕ್ಕೆ ಹನಿ ಹಾಕಲು ಶುರುಮಾಡಿ ನೂರು ವರ್ಷವಾದ ಮೇಲೆಯೇ ವೈದ್ಯರು ಈ ಪ್ರಶ್ನೆಗೆ ಗಂಭೀರವಾಗಿ ತಲೆಕೊಟ್ಟದ್ದು.

ಗ್ಲಾಕೋಮಾ ಎಂದರೆ ಪೊರೆ ಬರುವುದಲ್ಲ. ಪೊರೆ ತೆಗೆದರೆ ಬೆಳಕು ಮರಳುತ್ತದೆ; ಗ್ಲಾಕೋಮಾದಲ್ಲಿ ಹೋದದ್ದು ಹೋಯಿತು. ಕಣ್ಣಿನ ಮುಂಭಾಗದಲ್ಲಿ ಒಂದು ತಿಳಿನೀರು ಸದಾ ಊರುತ್ತಾ, ಕರಿಗುಡ್ಡೆಯ ಅಂಚಿನ ಸಣ್ಣ ಜರಡಿಯಂಥ ಭಾಗದಲ್ಲಿ ಇಂಗಿ ಹೋಗುತ್ತಿರುತ್ತದೆ. ಇಂಗುವುದು ಕಡಿಮೆಯಾದರೆ ಒಳಗೆ ಒತ್ತಡ ಏರುತ್ತದೆ, ಹಿಂದಿರುವ ದೃಷ್ಟಿನರ ಎಳೆ ಎಳೆಯಾಗಿ ಸಾಯುತ್ತದೆ. ಕೆಲವರಿಗೆ ಒತ್ತಡ ಎಲ್ಲರಷ್ಟೇ ಇದ್ದರೂ ನರ ತಾಳುವುದಿಲ್ಲ. ಒಮ್ಮೆಲೇ ಒತ್ತಡ ಏರಿ ಕಣ್ಣು ಕೆಂಪಾಗಿ ತಲೆ ಸಿಡಿಯುವ ಬಗೆಯೂ ಒಂದಿದೆ. ಅದಾದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಹೆಚ್ಚಿನವರದು ನೋವಿಲ್ಲದ ಬಗೆ. ಅಕ್ಕಪಕ್ಕದ ನೋಟ ಮಾಸುತ್ತಾ ಬಂದರೂ ಎದುರಿನದು ಚೆನ್ನಾಗಿ ಕಾಣುತ್ತಿರುತ್ತದೆ. ಹನಿ ಹಾಕಿದರೆ ದೃಷ್ಟಿ ಸುಧಾರಿಸುವುದಿಲ್ಲ, ಇದ್ದದ್ದು ಉಳಿಯುತ್ತದೆ ಅಷ್ಟೆ. ಹಾಕದಿದ್ದರೆ ನಾಳೆ ಬೆಳಿಗ್ಗೆ ಏನೂ ಆಗುವುದಿಲ್ಲ. ಈ ಔಷಧ ಪಡೆದ ಉದಾಸೀನಕ್ಕೆಲ್ಲ ಇದೇ ಮೂಲ.

ಮೊದಲ ಹನಿ ಬಂದದ್ದು ವಿಷದಿಂದ. ಈಗಿನ ನೈಜೀರಿಯಾದ ಕಲಬಾರ್ ಪ್ರದೇಶದಲ್ಲಿ ಎಫಿಕ್ ಜನ ಅಪರಾಧ ಹೊತ್ತವರಿಗೆ ಒಂದು ಬಗೆಯ ಕಾಡು ಅವರೆಬೀಜ ತಿನ್ನಿಸಿ ಸತ್ಯಪರೀಕ್ಷೆ ಮಾಡುತ್ತಿದ್ದರು. ಕಕ್ಕಿ ಬದುಕಿದವ ನಿರಪರಾಧಿ, ಸತ್ತವ ತಪ್ಪಿತಸ್ಥ. ಆ ಬೀಜ ಎಡಿನ್‌ಬರೋ ಮುಟ್ಟಿತು. 1855ರಲ್ಲಿ ರಾಬರ್ಟ್ ಕ್ರಿಸ್ಟಿಸನ್ ಎಂಬ ಪ್ರೊಫೆಸರ್ ಅದರ ಚೂರೊಂದನ್ನು ತಾವೇ ತಿಂದು ನೋಡಿ, ಪ್ರಾಣಕ್ಕೆ ಬರುವ ಲಕ್ಷಣ ಕಂಡಾಗ ಗಡ್ಡ ಕೆರೆದುಕೊಂಡ ನೀರನ್ನೇ ಗಟಗಟ ಕುಡಿದು ವಾಂತಿ ಮಾಡಿಕೊಂಡರು. ಅವರ ಶಿಷ್ಯ ಥಾಮಸ್ ಫ್ರೇಸರ್, ಈ ಬೀಜದ ರಸ ಕಣ್ಣಿನ ಪಾಪೆಯನ್ನು ಸೂಜಿಮೊನೆಯಷ್ಟು ಕಿರಿದು ಮಾಡುವುದನ್ನು ಗಮನಿಸಿದರು. 1863ರಲ್ಲಿ ಆರ್ಗೈಲ್ ರಾಬರ್ಟ್‌ಸನ್ ಅದನ್ನು ಕಣ್ಣಿನ ವೈದ್ಯಕ್ಕೆ ತಂದರು. ಅದರ ಸತ್ವಕ್ಕೆ ಎಸರಿನ್ ಎಂಬ ಹೆಸರು ಬಿತ್ತು. ಎಫಿಕ್ ಜನ ಬೀಜವನ್ನು ಎಸೆರೆ ಎನ್ನುತ್ತಿದ್ದರು.

ಗ್ಲಾಕೋಮಾಕ್ಕೆ ಅದನ್ನು ಬಳಸಿದ್ದು ಸ್ಟ್ರಾಸ್‌ಬರ್ಗ್‌ನ ಲುಡ್ವಿಗ್ ಲಾಕ್ವರ್, 1876ರಲ್ಲಿ. ಅವರಿಗೇ ಗ್ಲಾಕೋಮಾ ಇತ್ತು. ಅಲ್ಲಿಯವರೆಗೆ ಇದ್ದದ್ದು 1857ರಲ್ಲಿ ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫೆ ಹೇಳಿಕೊಟ್ಟ ಶಸ್ತ್ರಚಿಕಿತ್ಸೆ ಒಂದೇ. ಹಿಂದೆಯೇ ಬ್ರೆಜಿಲ್‌ನ ಜಬೊರಾಂಡಿ ಎಲೆಯಿಂದ ಪೈಲೊಕಾರ್ಪಿನ್ ಬಂತು. ಎಸರಿನ್‌ಗಿಂತ ಸೌಮ್ಯ. ಮುಂದಿನ ನೂರು ವರ್ಷ ಗ್ಲಾಕೋಮಾ ಎಂದರೆ ಬಹುಮಟ್ಟಿಗೆ ಪೈಲೊಕಾರ್ಪಿನ್.

ಆದರೆ ದಿನಕ್ಕೆ ನಾಲ್ಕು ಸಲ ಹಾಕಬೇಕು. ಹುಬ್ಬಿನ ಮೇಲೆ ನೋವು. ಪಾಪೆ ಕಿರಿದಾಗಿ, ಮೊದಲೇ ಪೊರೆ ಬಂದ ಮುದುಕರಿಗೆ ಮುಸ್ಸಂಜೆಯಲ್ಲಿ ಅಂಗಳವೂ ಕತ್ತಲು. ಕಾಣುವವನಿಗೆ ಕಾಣದಂತೆ ಮಾಡುವ ಔಷಧವನ್ನು, ಮುಂದೆಂದೋ ಕಾಣದೇ ಹೋಗಬಾರದು ಎಂದು ದಿನಾ ನಾಲ್ಕು ಸಲ ಹಾಕಿಕೋ ಎಂದರೆ ಯಾರು ಹಾಕಿಕೊಂಡಾರು? ನಡುವೆ ಅಡ್ರಿನಲಿನ್ ಹನಿ ಬಂತು. ಕಣ್ಣು ಕೆಂಪಾಗಿ, ರೆಪ್ಪೆಯ ಒಳಗೆ ಕಪ್ಪು ಕಲೆ ಕೂರುತ್ತಿತ್ತು. 1954ರಲ್ಲಿ ಅಸಿಟಜೋಲಮೈಡ್ ಮಾತ್ರೆ ಬಂತು. ಒತ್ತಡವೇನೋ ಚೆನ್ನಾಗಿ ಇಳಿಯುತ್ತಿತ್ತು, ಆದರೆ ಕೈಕಾಲು ಜುಮುಜುಮು, ಊಟ ಸೇರದು. ಅದೇ ಗುಂಪಿನ ಔಷಧವನ್ನು ಹನಿಯ ರೂಪಕ್ಕೆ ತರಲು ಮತ್ತೆ ನಲವತ್ತು ವರ್ಷ ಹಿಡಿಯಿತು: ಡಾರ್ಜೊಲಮೈಡ್, 1990ರ ದಶಕದ ನಡುವೆ.

ನಿಜವಾದ ತಿರುವು ಟಿಮೊಲಾಲ್, ಅಮೆರಿಕದಲ್ಲಿ 1978ರಲ್ಲಿ ಪರವಾನಗಿ ಪಡೆದದ್ದು. ಹೃದಯದ ಕಾಯಿಲೆಗೆ ಜೇಮ್ಸ್ ಬ್ಲ್ಯಾಕ್ ರೂಪಿಸಿದ ಬೀಟಾ ಬ್ಲಾಕರ್‌ಗಳ ಕುಟುಂಬಕ್ಕೆ ಸೇರಿದ ಔಷಧ ಇದು. ಆ ಗುಂಪಿನ ಔಷಧ ಕೊಟ್ಟರೆ ಕಣ್ಣಿನ ಒತ್ತಡವೂ ಇಳಿಯುತ್ತದೆ ಎಂದು 1960ರ ದಶಕದಲ್ಲೇ ಕಂಡಿತ್ತು. ಮುನ್ನುಗ್ಗಲು ಅಂಜಿಕೆಯೂ ಇತ್ತು: ಪ್ರಾಕ್ಟೊಲಾಲ್ ಎಂಬ ಅದೇ ಕುಟುಂಬದ ಮಾತ್ರೆ ಹಲವರ ಕಣ್ಣನ್ನೇ ಒಣಗಿಸಿ ಕೆಡಿಸಿತ್ತು. ಟಿಮೊಲಾಲ್ ಹಾಗೆ ಮಾಡಲಿಲ್ಲ. ದಿನಕ್ಕೆ ಒಂದೆರಡು ಸಲ ಸಾಕು, ಪಾಪೆ ಕಿರಿದಾಗದು, ಹುಬ್ಬು ನೋಯದು. ವೈದ್ಯರೂ ರೋಗಿಗಳೂ ನಿಟ್ಟುಸಿರು ಬಿಟ್ಟರು.

ಕೆಲವೇ ವರ್ಷಗಳಲ್ಲಿ ಬೇರೆ ಸುದ್ದಿ ಬರತೊಡಗಿತು. ಹನಿ ಹಾಕಿಕೊಂಡ ಆಸ್ತಮಾ ರೋಗಿಗಳಿಗೆ ಉಸಿರು ಕಟ್ಟಿತು, ಹೃದಯದ ತೊಂದರೆ ಇದ್ದವರ ನಾಡಿ ನಿಧಾನವಾಗಿ ತಲೆ ಸುತ್ತಿ ಬಿದ್ದರು, ಸಾವುಗಳೂ ವರದಿಯಾದವು. ದೊಡ್ಡಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 30ರಿಂದ 50 ಮೈಕ್ರೋಲೀಟರ್. ಕಣ್ಣಿನಲ್ಲಿ ಮಾಮೂಲಿಯಾಗಿ ಇರುವ ನೀರು 7 ಮೈಕ್ರೋಲೀಟರ್ ಆಸುಪಾಸು, ಎಷ್ಟೇ ತುಂಬಿದರೂ 30ರ ಹತ್ತಿರ. ಮಿಕ್ಕದ್ದು ಕೆನ್ನೆಗೆ ಇಳಿಯುತ್ತದೆ, ಇಲ್ಲವೇ ಕಣ್ಣಿನ ಒಳಮೂಲೆಯ ಸಣ್ಣ ತೂತಿನಿಂದ ಕಣ್ಣೀರಿನ ನಾಳ ಹಿಡಿದು ಮೂಗಿಗೆ, ಗಂಟಲಿಗೆ. ಹನಿ ಬಿಟ್ಟ ಮೇಲೆ ಬಾಯಿ ಕಹಿಯಾಯಿತು ಎನ್ನುವುದು ಅದಕ್ಕೇ. ಮೂಗಿನ ಒಳಪೊರೆ ಅದನ್ನು ನೇರ ರಕ್ತಕ್ಕೆ ಸೇರಿಸುತ್ತದೆ. ಮಾತ್ರೆ ನುಂಗಿದರೆ ಲಿವರ್ ಮೊದಲು ಹಿಡಿದು ಸಾಕಷ್ಟನ್ನು ಕಳೆಯುತ್ತದೆ; ಮೂಗಿನ ದಾರಿಯಲ್ಲಿ ಆ ಕಾವಲುಗಾರನೇ ಇಲ್ಲ.

ಪರಿಹಾರ ನಾಚಿಕೆಯಾಗುವಷ್ಟು ಸರಳ. ಥಾಮ್ ಜಿಮ್ಮರ್‌ಮನ್ ಮತ್ತು ಜೊತೆಗಾರರು 1984ರಲ್ಲಿ ತೋರಿಸಿದ್ದು ಇಷ್ಟೆ: ಹನಿ ಬಿಟ್ಟ ಕೂಡಲೇ ಐದು ನಿಮಿಷ ಕಣ್ಣು ಮುಚ್ಚಿ ಕೂತರೆ, ಅಥವಾ ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿದರೆ, ರಕ್ತಕ್ಕೆ ಸೇರುವ ಔಷಧ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಕಣ್ಣಿಗೆ ಹಿಡಿಯುವುದು ಹೆಚ್ಚುತ್ತದೆ. ಗ್ಲಾಕೋಮಾ ಚಿಕಿತ್ಸೆಯ ಇತಿಹಾಸದಲ್ಲಿ ಇಷ್ಟು ಅಗ್ಗದ ಸಂಶೋಧನೆ ಇನ್ನೊಂದಿಲ್ಲ. ಮಾರಲು ಏನೂ ಇಲ್ಲವಾದ್ದರಿಂದಲೋ ಏನೋ, ಅದನ್ನು ರೋಗಿಗೆ ಹೇಳುವವರೂ ಕಡಿಮೆ.

ಮುಂದಿನ ಹೆಜ್ಜೆ ಹಂಗೇರಿಯ ಒಬ್ಬ ನಿರಾಶ್ರಿತನದು. 1956ರ ದಂಗೆಯ ನಂತರ ದೇಶ ಬಿಟ್ಟು ಅಮೆರಿಕ ಸೇರಿದ ಲಾಸ್ಲೊ ಬಿಟೊ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದೇಹದಲ್ಲೇ ಹುಟ್ಟುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಬೆನ್ನು ಹತ್ತಿದರು. ಅವು ಕಣ್ಣಿನಲ್ಲಿ ಉರಿಯೂತ ತಂದು ಒತ್ತಡ ಏರಿಸುತ್ತವೆ ಎಂಬುದು ಆಗ ಎಲ್ಲರೂ ಒಪ್ಪಿದ ಮಾತು. ಅತಿ ಕಡಿಮೆ ಪ್ರಮಾಣದಲ್ಲಿ ಅವೇ ಒತ್ತಡ ಇಳಿಸುತ್ತವೆ ಎಂದು ಬಿಟೊ ಮತ್ತು ಸಂಗಡಿಗರು 1977ರಲ್ಲಿ ತೋರಿಸಿದರು. ನಂಬಿಸಲು ಎರಡು ದಶಕ ಹಿಡಿಯಿತು. ಆ ಗುಂಪಿನ ಹನಿ ಲ್ಯಾಟನೊಪ್ರಾಸ್ಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಬಿಟೊ ಆಮೇಲೆ ಹಂಗೇರಿಗೆ ಮರಳಿ ಕಾದಂಬರಿಕಾರರಾದರು. ಔಷಧ ಕಂಡುಹಿಡಿದು ಕಾದಂಬರಿ ಬರೆದವರು ಅಪರೂಪ.

ಲ್ಯಾಟನೊಪ್ರಾಸ್ಟ್ ದಿನಕ್ಕೊಂದೇ ಹನಿ, ಅದೂ ಸಂಜೆ. ಎದೆಗೆ, ಉಸಿರಿಗೆ ಟಿಮೊಲಾಲ್‌ನಷ್ಟು ಅಪಾಯವಿಲ್ಲ. ಆದರೂ ಇದಕ್ಕೆ ತನ್ನದೇ ಗುಣಗಳಿವೆ. ರೆಪ್ಪೆಗೂದಲು ಉದ್ದವಾಗಿ ದಟ್ಟವಾಗುತ್ತದೆ. ಇದೇ ಕುಟುಂಬದ ಬಿಮಟೊಪ್ರಾಸ್ಟನ್ನು ರೆಪ್ಪೆಗೂದಲು ಬೆಳೆಸಲೆಂದೂ ಮಾರಲು ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ಕಣ್ಣಿನ ಸುತ್ತ ಕಪ್ಪಾಗಬಹುದು, ಕಣ್ಣು ಗುಳಿಬಿದ್ದಂತೆ ಕಾಣಬಹುದು. ಒಂದೇ ಕಣ್ಣಿಗೆ ಹಾಕುವವರಲ್ಲಿ ಎರಡು ಕಣ್ಣು ಬೇರೆ ಬೇರೆಯಾಗಿ ತೋರುತ್ತವೆ. ಚೆನ್ನಾಗಿ ಕೆಲಸ ಮಾಡಲಿ ಎಂದು ದಿನಕ್ಕೆ ಎರಡು ಸಲ ಹಾಕಿಕೊಂಡರೆ ಪರಿಣಾಮ ತಗ್ಗುವುದೇ ಹೆಚ್ಚು. ಲ್ಯಾಟನೊಪ್ರಾಸ್ಟ್ ಬಂದ ಕಾಲಕ್ಕೇ ಬಂದ ಇನ್ನೊಂದು ಹನಿ ಬ್ರಿಮೊನಿಡಿನ್ ದೊಡ್ಡವರಿಗೆ ಬಾಯಿ ಒಣಗಿಸಿ ತೂಕಡಿಕೆ ತರುತ್ತದೆ. ಎರಡು ವರ್ಷದೊಳಗಿನ ಮಗುವಿನ ಉಸಿರನ್ನೇ ನಿಲ್ಲಿಸಬಲ್ಲದು. ಮೊಮ್ಮಕ್ಕಳಿರುವ ಮನೆಯಲ್ಲಿ ಅಜ್ಜಿಯ ದಿಂಬಿನ ಪಕ್ಕ ಆ ಬಾಟಲಿ ಇರಬಾರದು.

ಇಷ್ಟೆಲ್ಲ ಮಾಡಿದ್ದು ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಬಂದದ್ದು ತೀರ ತಡವಾಗಿ. ಒತ್ತಡ ಹೆಚ್ಚಿದ್ದು, ನರ ಇನ್ನೂ ಕೆಡದ 1,636 ಜನರನ್ನು ಅಮೆರಿಕದಲ್ಲಿ ಐದು ವರ್ಷ ಹಿಂಬಾಲಿಸಿದರು. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಹನಿ ಹಾಕದವರಲ್ಲಿ ಶೇ 9.5 ಮಂದಿಗೆ ಗ್ಲಾಕೋಮಾ ಬಂತು, ಹಾಕಿದವರಲ್ಲಿ ಶೇ 4.4. ಲ್ಯಾಟನೊಪ್ರಾಸ್ಟನ್ನು ಔಷಧವಿಲ್ಲದ ಹನಿಯ ಎದುರು ಇಟ್ಟು ದೃಷ್ಟಿ ಉಳಿಯುತ್ತದೆಯೇ ಎಂದು ನೋಡಿದ ಬ್ರಿಟನ್ನಿನ ಅಧ್ಯಯನ ಪ್ರಕಟವಾದದ್ದು 2015ರಲ್ಲಿ, ಔಷಧ ಮಾರುಕಟ್ಟೆಗೆ ಬಂದು ಹತ್ತೊಂಬತ್ತು ವರ್ಷದ ಮೇಲೆ. ಉಳಿಯುತ್ತದೆ ಎಂದು ಅದು ಹೇಳಿತು.

ಹನಿ ಕಣ್ಣಿಗೆ ಬಿದ್ದರೆ ತಾನೆ! ಮೈಕಲ್ ಕ್ಯಾಸ್ ಎಂಬ ವೈದ್ಯರು 1986ರಲ್ಲಿ ಪೈಲೊಕಾರ್ಪಿನ್ ಬಾಟಲಿಯೊಳಗೆ ಸದ್ದಿಲ್ಲದೆ ಎಣಿಸುವ ಯಂತ್ರ ಇಟ್ಟರು. ಕೇಳಿದಾಗ ರೋಗಿಗಳು ಶೇ 97ರಷ್ಟು ಸಲ ಹಾಕಿದ್ದೇವೆ ಎಂದರು. ಯಂತ್ರ ಶೇ 76 ಎಂದಿತು. ಡಾಕ್ಟರ ಹತ್ತಿರ ಹೋಗುವ ದಿನ ಸಮೀಪಿಸಿದಂತೆ ಹನಿಯ ಶಿಸ್ತು ಏರುವುದೂ ಕಂಡಿದೆ. ಯುದ್ಧಕಾಲೇ ಶಸ್ತ್ರಾಭ್ಯಾಸ. ಆ ದಿನ ಒತ್ತಡ ಚೆನ್ನಾಗಿಯೇ ಇರುತ್ತದೆ, ನರ ಮಾತ್ರ ಕೆಡುತ್ತಾ ಹೋಗಿರುತ್ತದೆ. ಮರೆಯದೆ ಹಾಕುವವರ ಕಥೆಯೂ ಸುಖವಿಲ್ಲ. ದೆಹಲಿಯ ಏಮ್ಸ್‌ನಲ್ಲಿ 70 ಗ್ಲಾಕೋಮಾ ರೋಗಿಗಳಿಗೆ ಎದುರಿಗೇ ಹನಿ ಹಾಕಿಕೊಳ್ಳಲು ಹೇಳಿ ನೋಡಿದರು. ಎಲ್ಲ ಸರಿಯಾಗಿ ಮಾಡಿದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಕೆನ್ನೆಗೆ ಬಿದ್ದವು, ಎರಡು ಮೂರು ಹನಿ ಒಟ್ಟಿಗೆ ಸುರಿದವು, ಬಾಟಲಿಯ ಮೂತಿ ಕಣ್ಣಿಗೆ ತಾಗಿತು. ತಾಗಿದ ಮೂತಿ ಕಣ್ಣಿನ ಕೊಳೆಯನ್ನು ಔಷಧಕ್ಕೆ ಬೆರೆಸುತ್ತದೆ. ಮಾರನೆಯ ದಿನ ಅದೇ ಔಷಧ ಕಣ್ಣಿಗೆ ಸೋಂಕು ಹಚ್ಚಬಹುದು.

ಆದ್ದರಿಂದ ಕ್ರಮ ಹೇಳಿಬಿಡುತ್ತೇನೆ. ಕೈ ತೊಳೆದು, ತಲೆ ಹಿಂದಕ್ಕೆ ಬಾಗಿಸಿ ಅಥವಾ ಮಲಗಿ, ಕೆಳರೆಪ್ಪೆಯನ್ನು ಜೇಬಿನಂತೆ ಎಳೆದು, ಮೂತಿ ತಾಗದಂತೆ ಒಂದೇ ಹನಿ ಬಿಡಬೇಕು. ಪಟಪಟ ಮಿಟುಕಿಸಿದರೆ ಔಷಧ ಮೂಗಿಗೆ ಓಡುತ್ತದೆ; ಹಗುರಾಗಿ ಮುಚ್ಚಿ, ಒಳಮೂಲೆ ಒತ್ತಿ ಕೂರಬೇಕು. ಎರಡನೆಯ ಔಷಧವಿದ್ದರೆ ಐದು ನಿಮಿಷ ಬಿಟ್ಟು ಹಾಕಬೇಕು, ಇಲ್ಲವಾದರೆ ಅದು ಮೊದಲನೆಯದನ್ನು ತೊಳೆದುಬಿಡುತ್ತದೆ. ಒಂದು ಸಲ ಮರೆತರೆ ಮುಂದಿನ ಸಲ ಎರಡು ಹನಿ ಹಾಕಿ ಸರಿದೂಗಿಸುವಂತಿಲ್ಲ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದು, ಹೆಚ್ಚಿನವನ್ನು ತಿಂಗಳಿಗೆ ಎಸೆಯಬೇಕು. ಲ್ಯಾಟನೊಪ್ರಾಸ್ಟ್‌ನಲ್ಲಿ ಹಲವು ತಯಾರಿಕೆಗಳನ್ನು ತೆರೆಯುವವರೆಗೆ ಫ್ರಿಜ್‌ನಲ್ಲೇ ಇಡಬೇಕು, ತೆರೆದ ಮೇಲೆ ಆರು ವಾರ. ಫ್ರೀಜರ್‌ನಲ್ಲಿ ಬೇಡ, ಬಿಸಿಲಿಗೆ ನಿಂತ ಕಾರಿನಲ್ಲೂ ಬೇಡ. ಆಸ್ತಮಾ, ಹೃದಯದ ತೊಂದರೆ, ಸಲ್ಫಾ ಅಲರ್ಜಿ, ಬಸಿರು, ಮಗುವಿಗೆ ಹಾಲೂಡಿಸುವುದು, ಇವನ್ನೆಲ್ಲ ಕಣ್ಣಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಹನಿ ಉರಿಯುತ್ತದೆ ಎಂದು ತಾವಾಗಿ ನಿಲ್ಲಿಸದೆ ಹೋಗಿ ಹೇಳಬೇಕು. ಉರಿಗೆ ಕಾರಣ ಹಲವು ಸಲ ಔಷಧವಲ್ಲ, ಕೆಡದಂತೆ ಸೇರಿಸಿದ ಬೆಂಜಾಲ್ಕೋನಿಯಂ. ಅದಿಲ್ಲದ ಹನಿಗಳೂ ಈಗ ಸಿಗುತ್ತವೆ.

ನಮ್ಮಲ್ಲಿ ಇನ್ನೊಂದು ಪಿಡುಗಿದೆ. ಕಣ್ಣು ಕೆಂಪಾದರೆ ಮೆಡಿಕಲ್ ಸ್ಟೋರಿನ ಹುಡುಗನ ಕೈಯಿಂದ ಒಂದು ಡ್ರಾಪ್ಸ್ ತರುತ್ತೇವೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಆಮೇಲೆ ಕೆಂಪಾದಾಗಲೆಲ್ಲ ಅದೇ. ಹೀಗೆ ವಾರಗಟ್ಟಲೆ ಹಾಕಿಕೊಂಡರೆ ಸುಮಾರು ಮೂರರಲ್ಲಿ ಒಬ್ಬರಿಗೆ ಒತ್ತಡ ಏರುತ್ತದೆ ಎಂಬುದು 1960ರ ದಶಕದಿಂದ ಗೊತ್ತಿರುವ ಸಂಗತಿ. ಬೇಸಿಗೆಯಲ್ಲಿ ಕಣ್ಣು ತುರಿಸುವ ಅಲರ್ಜಿಯ ಮಕ್ಕಳು ಇದೇ ಹನಿಯಿಂದ ಗ್ಲಾಕೋಮಾ ತಂದುಕೊಂಡು ದೊಡ್ಡಾಸ್ಪತ್ರೆಗೆ ಬರುತ್ತಾರೆ. ಚೀಟಿಯಿಲ್ಲದೆ ಮಾರಬಾರದ ಔಷಧ ಅದು, ಮಾರಾಟವಾಗುತ್ತಲೇ ಇದೆ. ಗ್ಲಾಕೋಮಾಕ್ಕೆ ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ ಬಿಡುವವರೂ ಇದ್ದಾರೆ. ಹೂವು ದೇವರ ತಲೆಗಿರಲಿ.

ಈ ಶತಮಾನದಲ್ಲಿ ಹೊಸ ಗುಂಪಿನ ಹನಿಗಳು ಬಂದಿವೆ: ಜಪಾನಿನಲ್ಲಿ 2014ರಲ್ಲಿ ರಿಪಾಸುಡಿಲ್, ಅಮೆರಿಕದಲ್ಲಿ 2017ರಲ್ಲಿ ನೆಟಾರ್ಸುಡಿಲ್. ಆದರೆ ಇತ್ತೀಚಿನ ಒಲವು ಹನಿಯನ್ನೇ ದಾಟುವುದರ ಕಡೆಗಿದೆ. 2019ರಲ್ಲಿ ಬ್ರಿಟನ್ನಿನಿಂದ ಬಂದ ಅಧ್ಯಯನದಲ್ಲಿ ಮೊದಲಿಗೇ ಲೇಸರ್ ಮಾಡಿಸಿಕೊಂಡವರಲ್ಲಿ ಶೇ 74ರಷ್ಟು ಮಂದಿ ಮೂರು ವರ್ಷ ಹನಿಯಿಲ್ಲದೆ ಇದ್ದರು, ಒತ್ತಡವೂ ಹಿಡಿತದಲ್ಲಿತ್ತು. ಕಣ್ಣಿನೊಳಗೇ ಇರಿಸುವ, ತಿಂಗಳುಗಟ್ಟಲೆ ಔಷಧ ಒಸರುವ ಸಣ್ಣ ಕಡ್ಡಿಗೆ 2020ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಲೇಸರ್ ನಮ್ಮ ನಗರಗಳಲ್ಲೂ ಇದೆ. ತನಗೆ ಹೊಂದುತ್ತದೆಯೇ ಎಂದು ರೋಗಿ ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪಿಲ್ಲ. ಸದ್ಯಕ್ಕಂತೂ ಹೆಚ್ಚಿನವರ ಪಾಲಿಗೆ ಉಳಿದಿರುವುದು ಆ ಪುಟ್ಟ ಬಾಟಲಿಯೇ.

ನಿಮ್ಮ ಮನೆಯಲ್ಲಿ ಅದನ್ನು ಬಳಸುವ ಹಿರಿಯರಿದ್ದರೆ ಇವತ್ತು ರಾತ್ರಿ ಪಕ್ಕದಲ್ಲಿ ಕೂತು ಒಮ್ಮೆ ನೋಡಿ: ಹನಿ ಎಲ್ಲಿ ಬೀಳುತ್ತಿದೆ, ಬಾಟಲಿ ತೆರೆದು ಎಷ್ಟು ದಿನವಾಯಿತು. ಮುಂದಿನ ಸಲ ಆಸ್ಪತ್ರೆಗೆ, ಅದು ಎದೆಗಾಗಲಿ ಮಂಡಿಗಾಗಲಿ, ಹೋಗುವಾಗ ಮಾತ್ರೆಗಳ ಚೀಲದಲ್ಲಿ ಆ ಬಾಟಲಿಯನ್ನೂ ಹಾಕಿ ಕಳಿಸಿ.